ಕಚ್ಚದ ನಾಯಿಯ ಸೂಜಿ

ಕುಷಾಯಿಗೂಡ
4 ಆಗಸ್ಟ್ 2025

ಮಗಳು ಗಂಗಾಗ,

ನಾನು ಅರಾಮ ಅದೀನಿ, ನೀನೂ ಅರಾಮ ಇದ್ದೀ ಅಂತ ತಿಳಕೊಂಡೀನಿ. ಇಷ್ಟು ಬರೆದರ ಪತ್ರ ಮುಗಿದಂಗ ಅನ್ನಿಸ್ತೈತಿ, ಖರೆ ಇನ್ನೂ ಶುರುನೇ ಆಗಿಲ್ಲ. ಫೋನಿನಾಗ ನಾವಿಬ್ಬರೂ ಮೂರನೇ ಮಾತಿಗೆ ದನಿ ಏರಿಸ್ತೀವಿ ಅಂತ, ಏನಿದ್ದರೂ ಬರೆದು ತಿಳಿಸ್ರಿ ಅಂತ ನೀನೇ ಕಾಯ್ದೆ ಮಾಡಿದಿ. ಹೈದರಾಬಾದಿನಾಗೇ ಇದ್ದು ಹೈದರಾಬಾದಿಗೇ ಪತ್ರ ಹಾಕೋರು ನಾವಿಬ್ಬರೇ ಇರಬೇಕು. ಮೊನ್ನೆ ಪೋಸ್ಟ್‌ಮನ್ ಕೇಳಿಯೇ ಬಿಟ್ಟ, 'ಮೆಹದಿಪಟ್ಟಣಂಕು ಬಸ್ ಜಾತಿ ನಾ ಸಾಬ್?' ಅಂತ. ಹೋಗ್ತೈತಪ್ಪಾ, ಆದ್ರ ಬಸ್ಸಿನಾಗ ಫುಲ್ ಸ್ಟಾಪ್ ಸಿಗಂಗಿಲ್ಲ, ಪತ್ರದಾಗ ಸಿಗ್ತಾವ ಅಂದೆ. ಅವನಿಗೆ ತಿಳೀಲಿಲ್ಲ. ನಿನಗ ತಿಳೀತೈತಿ.

ಕಮ್ ಟು ದಿ ಪಾಯಿಂಟ್ ಅಂತ ನಮ್ಮ ಕಾಲೇಜಿನ ಇಂಗ್ಲಿಷ್ ಮಾಸ್ತರು ಬೋರ್ಡಿಗೆ ಡಸ್ಟರ್ ಬಡೀತಿದ್ದರು. ಬರ್ತೀನಿ. ಚೊಚ್ಚಲ ಹೆರಿಗಿ ತವರು ಮನ್ಯಾಗ ಆಗಬೇಕು. ನಿಮ್ಮವ್ವ ಇಲ್ಲ ಅಂದ ಮಾತ್ರಕ್ಕ ತವರು ಇಲ್ಲ ಅಂತಲ್ಲ. ಹಿಂದಿನ ಖೋಲಿಗೆ ಸುಣ್ಣ ಹೊಡಿಸೀನಿ. ಮಂಚ ಕಿಟಕಿ ಕಡೆ ತಿರುಗಿಸೀನಿ. ಲಿಂಗಸುಗೂರಿನಿಂದ ಗದಿಗೆಮ್ಮಕ್ಕ ಬರ್ತೀನಿ ಅಂದಾಳ. ನಿನ್ನ ಸೋದರತ್ತಿ ಎಷ್ಟು ಬಾಣಂತನ ಮಾಡ್ಯಾಳ ಅಂತ ಆಕಿಗೇ ನೆಪ್ಪಿಲ್ಲ. ಎಣ್ಣಿ ಹಚ್ಚೋದು, ಎರೆಯೋದು, ಲೋಬಾನ ಹಾಕೋದು ಎಲ್ಲಾ ಆಕಿದು. ನೀರು ಕಾಸೋದು ನಂದು. ಅಂಟಿನ ಉಂಡಿ ಕಟ್ಟೋದೂ ಕಲಿತೀನಿ. ಮೊದಲ ಸಲ ಕಟ್ಟಿದ್ದು ಗ್ವಾಡಿಗೆ ಒಗೆದ್ರ ಗ್ವಾಡಿ ಒಡೀತಿತ್ತು. ಎರಡನೇ ಸಲದ್ದು ಹಲ್ಲಿದ್ದೋರು ತಿನ್ನಬಹುದು.

ಸತೀಶ ಅವರಿಗೂ ಹೇಳು, ಬಂದು ಹೋಗಿ ಮಾಡಲಿ. ಕುಂದಾಪುರದ ಕಡೆಯವರು ಮೀನಿಲ್ಲದ ಊಟ ಹೆಂಗ ಮಾಡ್ತಾರೋ ನನಗ ಗೊತ್ತಿಲ್ಲ. ನಿಮ್ಮ ಮನಿಗೆ ನಾನು ಬಂದವನೂ ಅಲ್ಲ. ಅದಿರಲಿ.

ಯಾವಾಗ ಬರ್ತಿ, ಅಷ್ಟು ಬರಿ.

ಸುಣ್ಣದ ಕೈಯಿಂದ,
ನಿಮ್ಮಪ್ಪ ಅಮರಯ್ಯ


ಮೆಹದಿಪಟ್ಟಣಂ
13 ಆಗಸ್ಟ್ 2025

ಅಪ್ಪಾ,

ನಾನು ಬರ್ತೀನಿ. ಇದನ್ನ ಮೊದಲು ಬರಿ ಅಂತ ಸತೀಶ ಹೇಳಿದರು. ಯಾಕಂದರೆ ಮುಂದಿನ ಸಾಲು ಓದಿ ನೀವು ಕನ್ನಡಕ ತೆಗೆದು ಟೇಬಲ್ ಮೇಲೆ ಕುಕ್ಕತೀರಿ.

ನೀವೂ ಅತ್ತಿಯೂ ನಾಯಿಕೆಮ್ಮಿನ ಲಸಿಕೆ ತೊಗೋಬೇಕು. ಕೂಸಿನ ಹತ್ತಿರ ಬರೋದಕ್ಕೆ ಎರಡು ವಾರ ಮೊದಲು. ಸತೀಶ ತೊಗೊಂಡಾರೆ. ನನಗೆ ಮುಂದಿನ ವಾರ ಕೊಡ್ತಾರೆ.

ಬೇಗಂಪೇಟೆ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂಡೋ ಕೋಕಿಲಾ ಗೊತ್ತಲ್ಲ, ಆಕೆಯ ಕೂಸಿಗೆ ಬಂದಿತ್ತು. ನಾನು ದವಾಖಾನೆಗೆ ಹೋಗಿ ನೋಡಿದೆ. ಕೆಮ್ಮು ಶುರುವಾದರೆ ಕೂಸಿಗೆ ನಡುವೆ ಉಸಿರು ಎಳೆದುಕೊಳ್ಳೋದಕ್ಕೆ ಆಗೋದಿಲ್ಲ. ತುಟಿ ನೀಲಿ ಆಗ್ತದೆ. ಆಮೇಲೆ ಎಲ್ಲಿಂದಲೋ ಒಂದು ಉಸಿರು ಬರ್ತದೆ, ಅದು ಬರೋ ತನಕ ಆ ಖೋಲಿಯಲ್ಲಿ ಯಾರೂ ಉಸಿರಾಡೋದಿಲ್ಲ. ಕೂಸು ಉಳೀತು, ಈಗ ಮನೆಯಲ್ಲಿದೆ. ಅದಕ್ಕೆ ಕೆಮ್ಮು ಎಲ್ಲಿಂದ ಬಂತು ಗೊತ್ತಾ? ನೋಡಲಿಕ್ಕೆ ಬಂದ ಒಬ್ಬ ಕಾಕಾನಿಂದ. ಅವರಿಗೆ ಬರೀ ಸಾದಾ ಕೆಮ್ಮು ಇತ್ತು.

ನಮ್ಮಂಥ ದೊಡ್ಡವರಿಗೆ ಅದು ಸಾದಾ ಕೆಮ್ಮಿನ ಹಾಗೇ ಬಂದು ಹೋಗ್ತದೆ, ಅಪ್ಪಾ. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಸೂಜಿಯ ಶಕ್ತಿ ವಯಸ್ಸಾದಂತೆ ಇಳೀತದೆ. ಕೂಸಿಗೆ ತನ್ನ ಸೂಜಿ ಆರು ವಾರಕ್ಕೆ ಶುರು. ಅಲ್ಲಿಯ ತನಕ ಅದಕ್ಕೆ ಇರೋದು ಹೊಟ್ಟೆಯಲ್ಲಿದ್ದಾಗ ನನ್ನಿಂದ ಹೋದಷ್ಟು, ಮತ್ತೆ ಸುತ್ತ ನಿಂತ ನಾವು. ನಮ್ಮ ಹತ್ತಿರ ರೋಗ ನಿಲ್ಲದಿದ್ದರೆ ಅದರ ಹತ್ತಿರ ಹೋಗೋದು ಹೇಗೆ? ಅಷ್ಟೇ ಲೆಕ್ಕ.

ಇದರಲ್ಲಿ ರಾಜಿ ಇಲ್ಲ. ನವೆಂಬರ್ ನಡುವಿಗೆ ಹೆರಿಗೆ. ಉಂಡಿ ಮೂರನೇ ಸಲ ಕಟ್ಟಿ ನೋಡ್ರಿ.

ನಿಮ್ಮ,
ಗಂಗಾ


ಕುಷಾಯಿಗೂಡ
19 ಆಗಸ್ಟ್ 2025

ಗಂಗಾಗ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಕನ್ನಡಕ ಕುಕ್ಕಲಿಲ್ಲ. ಮೆತ್ತಗ ಇಟ್ಟೆ.

ನಾನೇನು ರೋಗ ಹೊತ್ತುಕೊಂಡು ತಿರುಗೋನೇನು? ನಿನ್ನ ಎತ್ತಿ ಆಡಿಸಿದ ಕೈ ಇವು. ಆವಾಗ ಯಾವ ಸೂಜಿ ತೊಗೊಂಡಿದ್ದೆ? ಕೆಮ್ಮು ಇತ್ತು, ಹೋತು, ಮತ್ತ ಬಂತು. ಮನುಷ್ಯಾ ಅಂದ ಮ್ಯಾಲ ಕೆಮ್ಮತಾನ. ತವರಿಗೆ ಬಾ ಅಂತ ಕರೆದ್ರ ಸರ್ಟಿಫಿಕೇಟ್ ತೋರಸ್ರಿ ಅನ್ನೋ ಮಗಳನ್ನ ನಾನು ಎಲ್ಲೂ ಕಂಡಿಲ್ಲ.

ನಿಮ್ಮತ್ತಿಗೂ ಫೋನ್ ಹಚ್ಚಿ ಹೇಳಿದೆ. ಹೇಳಿದ್ದು ತಪ್ಪಾತು. 'ಏ ಅಮರಾ, ನಾ ಹಡಿಸಿದ ಕೂಸುಗಳು ಈಗ ಮೊಮ್ಮಕ್ಕಳನ್ನ ಕಂಡಾವ. ನನ್ನ ಕೈಗೆ ಸೂಜಿ ಚುಚ್ಚಿ ಆಮ್ಯಾಲ ಕೂಸು ಕೊಡತಾಳಂತೇನು? ನಾ ಬರಂಗಿಲ್ಲ, ಆಕಿಗೆ ಹೇಳು' ಅಂತ ಫೋನ್ ಇಟ್ಟಳು. ಸುಣ್ಣ ಹೊಡಿಸಿದ ಖೋಲಿ ಖಾಲಿ ಐತಿ. ಅದರಾಗ ಕೂತು ಈ ಪತ್ರ ಬರೆಯಾಕತ್ತೀನಿ. ಸುಣ್ಣದ ವಾಸನಿಗೆ ಕೆಮ್ಮು ಬರಾಕತ್ತೈತಿ, ಅದನ್ನೂ ಬರೆದುಕೋ.

ಇತಿ,
ಸರ್ಟಿಫಿಕೇಟ್ ಇಲ್ಲದ ಅಪ್ಪ


ಕುಷಾಯಿಗೂಡ
12 ಸೆಪ್ಟೆಂಬರ್ 2025

ಗಂಗಾಗ,

ನಿನ್ನ ಉತ್ತರ ಬರಲಿಲ್ಲ. ಬರಂಗಿಲ್ಲ ಅಂತ ಗೊತ್ತಾತು. ನಿಮ್ಮವ್ವನೂ ಹಂಗೇ, ಮಾತು ಬಿಟ್ಟರ ಗೆದ್ದಂಗ.

ಗಣಪತಿ ಕಳಿಸಿದ ಮರುದಿನ ನಾನು ನೌಕರಿ ಮಾಡಿದ ಕಾರ್ಖಾನಿ ಗೇಟಿನ ಮುಂದ ಹಾದು ಹೋಗಾಕತ್ತಿದ್ದೆ. ನಿನಗ ನೆಪ್ಪೈತೋ ಇಲ್ಲೋ, ಸಣ್ಣಾಕಿ ಇದ್ದಾಗ ಒಮ್ಮೆ ನಮ್ಮ ಅಸೆಂಬ್ಲಿ ಹಾಲ್ ನೋಡಬೇಕು ಅಂತ ಹಟ ಮಾಡಿದ್ದಿ. ಬಾಗಿಲ ತನಕ ಕರಕೊಂಡು ಹೋಗಿದ್ದೆ, ಒಳಗ ಬಿಡಲಿಲ್ಲ. ಕೂದಲಿಗಿಂತ ಸಣ್ಣ ತಂತಿ ಜೋಡಿಸೋ ಹಾಲ್ ಅದು. ಬಿಳಿ ಕೋಟು, ಟೊಪ್ಪಿಗಿ, ಬೇರೆ ಚಪ್ಪಲಿ ಹಾಕ್ಕೊಂಡು, ಗಾಳಿ ಊದೋ ಸಣ್ಣ ಖೋಲಿಯಾಗ ನಿಂತು ಹೋಗಬೇಕು. ಒಮ್ಮೆ ದಿಲ್ಲಿಯಿಂದ ಯಾರೋ ದೊಡ್ಡ ಸಾಹೇಬರು ಬಂದರು. ಅವರಿಗೂ ಬೂಟು ಬಿಚ್ಚಸ್ರಿ ಅಂದವನು ನಾನೇ. ಅವರು ಸಿಟ್ಟಾಗಲಿಲ್ಲ. ಮೈಮ್ಯಾಲಿನ ಧೂಳು ಅವರಿಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ. ಆದ್ರ ಒಳಗಿನ ಸಾಮಾನಿಗೆ ಗೊತ್ತಾಗ್ತೈತಿ. ಗೇಟಿನ ಮುಂದ ನಿಂತು ಇದು ಹೊಳೀತು. ಹೊಳೆದ ಮ್ಯಾಲ ಮನಿಗೆ ಹೋಗಲಿಲ್ಲ, ಸೀದಾ ದವಾಖಾನಿಗೆ ಹೋದೆ.

ಈಗ ಸಂತೋಷದ ಸುದ್ದಿ: ಸೂಜಿ ತೊಗೊಂಡೀನಿ! ಒಂದಲ್ಲ, ಎರಡು ಆಗ್ಯಾವ.

ವಿವರ ಬರೀತೀನಿ. ದವಾಖಾನಿಯಾಗ ಭಾಳ ಗದ್ದಲ. ಡಾಕ್ಟರಿಗೆ ನಾನು ಇಂಗ್ಲಿಷಿನಾಗೇ ಹೇಳಿದೆ, 'ಡಾಕ್ಟರ್, ಐ ಆಮ್ ಹೋಪಿಂಗ್ ಕಾಫ್' ಅಂತ. ನಮ್ಮ ಕಾಲೇಜಿನಾಗ ನಾಯಿಕೆಮ್ಮಿಗೆ ಹೋಪಿಂಗ್ ಕಾಫ್ ಅಂತಲೇ ಹೇಳಿಕೊಟ್ಟಿದ್ದರು. ಅವರು ತಲಿ ಎತ್ತದೇ 'ಹೋಪ್ ಫಾರ್ ದಿ ಬೆಸ್ಟ್' ಅಂದು ನರ್ಸಮ್ಮನ ಕಡೆ ಕೈ ತೋರಿಸಿದರು. ಆಕಿಗೆ ಇಂಗ್ಲಿಷ್ ಬ್ಯಾಡ ಅಂತ, ನಾಯಿಕೆಮ್ಮಿನ ಸೂಜಿ ಬೇಕು ಅನ್ನೋದನ್ನ ಹಿಂದಿಯಾಗ ಬಿಡಿಸಿ ಹೇಳಿದೆ, 'ಅಮ್ಮಾ, ಕುತ್ತೇ ಕೀ ಖಾಂಸಿ ಕಾ ಸುಯಿ ಹೋನಾ.'

'ಕುತ್ತಾ? ಕಬ್ ಹುವಾ?' ಅಂದಳು. ಕೂಸು ಯಾವಾಗ ಆತು ಅಂತ ಕೇಳಾಕತ್ತಾಳ ಅಂತ, 'ಅಭೀ ನಹೀ ಹುವಾ, ನವೆಂಬರ್ ಮೇ ಹೋತಾ' ಅಂದೆ.

ನನ್ನ ಮಾರಿ ನೋಡಿದಳು. 'ಕಿಧರ್?'

'ಮೆಹದಿಪಟ್ಟಣಂ.'

'ಘರ್ ಕಾ ಹೈ ಕ್ಯಾ, ಬಾಹರ್ ಕಾ?'

'ಬಾಹರ್ ಕಾ ಕೈಕು? ಘರ್ ಕಾ! ಮೇರೀ ಬೇಟೀ ಕಾ!' ಅಂತ ಜೋರಾಗೇ ಅಂದೆ. ಹೊರಗಿನ ಕೂಸಿಗೆ ಯಾರು ಇಷ್ಟು ಬಡಿದಾಡತಾರ?

ಆಕಿ ಭಾಳ ಕಾಳಜಿಯಾಕಿ. ನನ್ನ ಕಾಲು ಬಗ್ಗಿ ನೋಡಿದಳು. ಮುಂಜಾನೆ ಗಿಡಕ್ಕ ನೀರು ಹಾಕೋವಾಗ ಗುಲಾಬಿ ಮುಳ್ಳು ಗೀರಿತ್ತು, ಅದನ್ನ ಸಾಬೂನು ಹಚ್ಚಿ ನಳದ ಕೆಳಗ ಹಿಡಿದು ಎಷ್ಟೋ ಹೊತ್ತು ತೊಳೆದಳು. ಕೆಮ್ಮಿನ ಸೂಜಿಗೆ ಕಾಲು ಯಾಕ ತೊಳೀತಾರ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಮಾಡರ್ನ್ ಮೆಡಿಸಿನ್, ಏನೋ ಇರಬೇಕು. ಎರಡನೇದು ಮೂರು ದಿನ ಬಿಟ್ಟು ಹಾಕಿದರು, ಇನ್ನೂ ಅದಾವಂತ. ಒಂದೇ ಸೂಜಿ ಅಂತ ನೀ ತಿಳಕೊಂಡಿದ್ದಿ. ಪೂರ್ತಿ ಕೋರ್ಸು ಐತವ್ವ ಇದು! ಚೀಟಿ ಇದರ ಜೋಡಿ ಇಟ್ಟೀನಿ. ಎ.ಆರ್.ವಿ. ಅಂತ ಬರೆದಾರ. ಆಂಟಿ ರೆಸ್ಪಿರೇಟರಿ ವ್ಯಾಕ್ಸಿನ್. ಇದು ಯಾರೂ ಹೇಳಿದ್ದಲ್ಲ, ನಾನೇ ಬಿಡಿಸಿದೆ.

ಇನ್ನ ಯಾವಾಗ ಬರ್ತಿ? ನಿಮ್ಮತ್ತಿದು ಮಾತ್ರ ಬಗೆಹರಿದಿಲ್ಲ.

ಸರ್ಟಿಫಿಕೇಟ್ ಸಹಿತ,
ನಿಮ್ಮಪ್ಪ


ಮೆಹದಿಪಟ್ಟಣಂ
17 ಸೆಪ್ಟೆಂಬರ್ 2025

ಅಪ್ಪಾ,

ನಿಮಗೆ ನಾಯಿ ಯಾವಾಗ ಕಚ್ಚಿತು?

ಎ.ಆರ್.ವಿ. ಅಂದರೆ ಆಂಟಿ ರೇಬೀಸ್ ವ್ಯಾಕ್ಸಿನ್. ನೀವು ಹಾಕಿಸಿಕೊಂಡದ್ದು ಹುಚ್ಚುನಾಯಿ ಕಚ್ಚಿದವರಿಗೆ ಹಾಕೋ ಸೂಜಿ. ಆ ನರ್ಸಮ್ಮನ ಕಿವಿಯಿಂದ ನಿಮ್ಮ ಮಾತು ಒಂದು ಸಲ ಕೇಳ್ರಿ. ನಾಯಿ ಕಚ್ಚಿದೆ. ಯಾವಾಗ? ಮುಂದಿನ ನವೆಂಬರಿನಲ್ಲಿ. ಎಲ್ಲಿ? ಮೆಹದಿಪಟ್ಟಣಂನಲ್ಲಿ. ಯಾರ ನಾಯಿ? ಮಗಳದ್ದು.

ನಿಮ್ಮ ಪತ್ರವನ್ನ ಸತೀಶ ಗಟ್ಟಿಯಾಗಿ ಓದಿದರು. 'ಬಾಹರ್ ಕಾ ಕೈಕು' ಅನ್ನೋ ತನಕ ಹೇಗೋ ಬಂದರು, ಅಲ್ಲಿಂದ ಮುಂದೆ ಓದೋದಕ್ಕೆ ಆಗಲಿಲ್ಲ. ನಾನು ನಕ್ಕು ನಕ್ಕು ಕೂಸು ಒಳಗಿಂದ ಒದೀತು. ಅಪ್ಪಾ, ಎಷ್ಟು ದಿನ ಆಗಿತ್ತು ನಾನು ಹೀಗೆ ನಕ್ಕು.

ಹೆದರಬೇಡ್ರಿ, ಅದರಿಂದ ಕೇಡೇನಿಲ್ಲ. ಆದರೆ ಡಾಕ್ಟರ ಹತ್ತಿರ ಹೋಗಿ ನಿಜ ಹೇಳಿ, ಉಳಿದದ್ದು ಬೇಕೋ ಬೇಡವೋ ಕೇಳ್ರಿ. ಆಮೇಲೆ ಸರಿಯಾದ್ದು ತೊಗೊಳ್ರಿ. ಈ ಕೆಮ್ಮಿಗೆ ನಾಯಿ ಇರೋದು ನಮ್ಮ ಕನ್ನಡದಲ್ಲಿ. ಇಲ್ಲಿ ಹಿಂದಿಯವರು ಕಾಲೀ ಖಾಂಸಿ ಅಂತಾರೆ, ತೆಲುಗಿನವರು ಕೋರಿಂತ ದಗ್ಗು. ಇಂಗ್ಲಿಷಿನಲ್ಲಿ ಹೋಪಿಂಗ್ ಅಲ್ಲ, ಹೂಪಿಂಗ್. ಕೂಸು ಉಸಿರು ಎಳೆಯುವಾಗ ಹೂಪ್ ಅಂತ ಬರೋ ಸಪ್ಪಳ ಅದು.

ನೀವು ಕಾರ್ಖಾನೆಯ ಹಾಲಿನ ಬಗ್ಗೆ ಬರೆದದ್ದನ್ನ ನಾನು ಎರಡು ಸಲ ಓದಿದೆ.

ನಿಮ್ಮ,
ಗಂಗಾ


ಕುಷಾಯಿಗೂಡ
30 ಸೆಪ್ಟೆಂಬರ್ 2025

ಗಂಗಾಗ,

ಡಾಕ್ಟರು ಎರಡು ಸಾಕು, ಉಳಿದದ್ದು ಬ್ಯಾಡ ಅಂದರು. ನರ್ಸಮ್ಮ ಈಗ ನಾನು ಹೋದ್ರ 'ತಾತಾ, ನವೆಂಬರ್ ನಾಯಿ ಹೆಂಗ ಐತಿ?' ಅಂತ ತೆಲುಗಿನಾಗ ಕೇಳ್ತಾಳ. ಕಾಲೋನಿಯಾಗ ಸುದ್ದಿ ಹಬ್ಬೈತಿ. ನಾನೂ ನಕ್ಕೆ. ನಗದ ಏನು ಮಾಡ್ಲಿ?

ಖರೆ ಸುದ್ದಿ ಬ್ಯಾರೆ ಐತಿ. ನಿಮ್ಮತ್ತಿ ಬಂದಾಳ!

ಆಕಿಗೆ ನಾನು ಫೋನಿನಾಗ ನಾಯಿ ಸೂಜಿ ಕಥಿ ಹೇಳಿದ್ದೆ, ಹೊಟ್ಟೀ ಭಾರ ಇಳಿಸಿಕೊಳ್ಳಾಕ. ಆ ಕಡೆಯಿಂದ ಸಪ್ಪಳೇ ಇಲ್ಲ. ಫೋನ್ ಕಟ್ ಆತು ಅಂದುಕೊಂಡೆ. ಕಟ್ ಆಗಿರಲಿಲ್ಲ, ನಗಾಕ ಉಸಿರು ಸಾಲದ ಕೂತಿದ್ದಳು. 'ಏ ಅಮರಾ! ನಾಯಿ ಕಚ್ಚಿಲ್ಲ, ಬೊಗಳಿಲ್ಲ, ಬಾಲಾ ಸೈತ ಅಲ್ಲಾಡಿಸಿಲ್ಲ, ನೀ ಹೋಗಿ ಎರಡು ಚುಚ್ಚಿಸಿಕೊಂಡು ಬಂದಿ?' ನಗು ಮುಗಿದ ಮ್ಯಾಲ, 'ಬರಲಾರದ ನಾಯಿಗೆ ನೀ ಎರಡು ತೊಗೊಂಡಿ. ಬರೋ ಕೂಸಿಗೆ ನಾ ಒಂದು ತೊಗೊಳ್ಳಾಕ ನನಗೇನು ಧಾಡಿ?' ಅಂದಳು. ಮೂರನೇ ದಿನ ಗಂಟು ಕಟ್ಟಿಕೊಂಡು ಬಸ್ ಇಳಿದಳು. ಆಮ್ಯಾಲ ನನಗೇ ಪಾಠ ಮಾಡಿದಳು: 'ನೋಡು, ಬಾಣಂತಿ ಖೋಲಿಗೆ ಹೊರಗಿನವರು ಕಾಲು ತೊಳೀದ ಬಂದ್ರ ನಾ ಬೈತೀನೋ ಇಲ್ಲೋ? ಇದೂ ಕಾಲು ತೊಳೆಯೋದೇ. ಒಳಗಿಂದ ತೊಳೀತಾರ, ಅಷ್ಟೇ ಫರಕು. ಹಿಂಗ ಹೇಳಿದ್ರ ಅವತ್ತೇ ಒಪ್ಪತಿದ್ದೆ. ನೀ ಸೂಜಿ ಸೂಜಿ ಅಂದಿ.'

ನೀ ಬರೆದ ಮೂರೂ ಹೆಸರು ಚೀಟಿ ಮ್ಯಾಲ ಬರಕೊಂಡು ಇಬ್ಬರೂ ಮೆಡಿಕಲ್ ಶಾಪಿಗೆ ಹೋದ್ವಿ. ದೊಡ್ಡವರಿಗಂತ ಇದನ್ನ ಕೇಳೋರು ಕಡಿಮಿಯಂತ. ಫ್ರಿಜ್ಜಿನಾಗ ಒಂದೇ ಇತ್ತು. ಇನ್ನೊಂದು ದಸರಾ ರಜಾ ಕಳೆದ ಮ್ಯಾಲ ಬರ್ತೈತಿ ಅಂದರು. ಅಲ್ಲೇ ಕೌಂಟರ್ ಮುಂದ ನಮ್ಮಿಬ್ಬರ ಜಗಳ. 'ನೀ ಅಜ್ಜ, ನೀ ಮೊದಲು ತೊಗೋ' ಅಂತ ಆಕಿ. ಕೂಸನ್ನ ಕಾಲ ಮ್ಯಾಲ ಹಾಕ್ಕೊಂಡು ಎರೆಯಾಕಿ ಆಕಿ. ಕೂಸಿನ ಉಸಿರು, ಆಕಿ ಉಸಿರು ಒಂದೇ ಗೇಣಿನಾಗ ಇರ್ತಾವ. ನಾನು ದೂರ ನಿಂತು ನೀರು ಕಾಸೋನು. ಆಫ್ಟರ್ ಯೂ ಅಂದೆ. ಆಕಿಗೆ ಇಂಗ್ಲಿಷ್ ತಿಳೀಲಿಲ್ಲ, ಅದಕ್ಕ ಜಗಳ ನಿಂತಿತು. ಆಕಿಗೇ ಹಾಕಿಸಿದೆ.

ನಂದು ಬರೋದು ಇನ್ನೂ ಐತಿ. ಹೆರಿಗಿ ನವೆಂಬರಿಗೆ. ಟೈಮ್ ಐತಿ ನಮ್ಮ ಕೈಯಾಗ.

ಕ್ಯೂನಾಗ ಎರಡನೇದವನು,
ನಿಮ್ಮಪ್ಪ


ಕುಷಾಯಿಗೂಡ
17 ಅಕ್ಟೋಬರ್ 2025

ಗಂಗಾಗ,

ದಸರಾ ರಜಾ ಅಂದ್ರ ಬರೀ ರಜಾ ಅಲ್ಲ, ರಜಾದ ಹಿಂದ ರಜಾ. ಅಂತೂ ನಿನ್ನೆ ಬಂತು, ನಿನ್ನೆಯೇ ಹಾಕಿಸಿದೆ. ಡಬ್ಬಿ ಮ್ಯಾಲಿನ ಹೆಸರು ನಾನು ಓದಿದೆ, ನರ್ಸಮ್ಮ ಓದಿದಳು, ಆಮ್ಯಾಲ ಡಾಕ್ಟರ ಕಡೆ ಓದಿಸಿದೆ. ನಾಯಿ ಅನ್ನೋ ಶಬ್ದ ಬಾಯಿಂದ ಬರಗೊಡಲಿಲ್ಲ. ತೋಳು ಸೊಲ್ಪ ನೋಯ್ತೈತಿ. ಅದು ಇರಲಿ.

ಒಳಗಿನ ಸೈನ್ಯಾ ತಯಾರಾಗಾಕ ಎರಡು ವಾರ ಹಿಡೀತೈತಿ ಅಂತ ಡಾಕ್ಟರೂ ಅಂದರು. ಅಂದ್ರ ತಿಂಗಳ ಕೊನೀಗೆ ನಾನು ರೆಡಿ. ಸತೀಶ ಅವರಿಗೆ ಹೇಳು, ಮೂವತ್ತೊಂದಕ್ಕ ಗಾಡಿ ಮಾಡಿಸಿ ಕರಕೊಂಡು ಬರಲಿ. ಅಟ್ಟದ ಮ್ಯಾಲಿನ ತೊಟ್ಟಿಲು ಇಳಿಸೀನಿ. ಧೂಳಿಗೆ ಕೆಮ್ಮು ಹತ್ತೈತಿ. ಸಾದಾ ಕೆಮ್ಮು ಅಂತ ಬರೆಯಾಕ ಕೈ ಬರಾಕತ್ತಿಲ್ಲ ನೋಡು ಈಗ!

ದೀಪಾವಳಿಗೆ ಜ್ವಾಕಿ. ಪಟಾಕಿ ಹೊಗಿ ಕುಡೀಬ್ಯಾಡ.

ರೆಡಿ ಆಗಾಕತ್ತಿರುವ,
ನಿಮ್ಮಪ್ಪ


ಮೆಹದಿಪಟ್ಟಣಂ
22 ಅಕ್ಟೋಬರ್ 2025

ಮಾವ,

ನಮಸ್ಕಾರ. ಹುಟ್ಟಿದ ಸುದ್ದಿ ಫೋನಿನಲ್ಲಿ ಹೇಳಿಯಾಗಿದೆ. ಆದರೆ ಈ ಮನೆತನದಲ್ಲಿ ಬರೆದು ತಿಳಿಸದೆ ಯಾವುದೂ ಪಕ್ಕಾ ಆಗುವುದಿಲ್ಲ ಅಂತ ಗಂಗಾ ಹೇಳುತ್ತಾಳೆ. ಹಾಗಾಗಿ ನನ್ನ ಮೊದಲ ಪತ್ರ.

ಹೆಣ್ಣುಮಗು. ಹೇಳಿದ್ದಕ್ಕಿಂತ ಮೂರು ವಾರಕ್ಕೂ ಹೆಚ್ಚು ಮೊದಲೇ ಬಂದಳು, ದೀಪಾವಳಿಯ ಪಟಾಕಿ ಕೇಳಿ ತಡೆಯಲಾಗಲಿಲ್ಲವೋ ಏನೋ. ತಾಯಿ ಮಗು ಇಬ್ಬರೂ ಆರಾಮ. ಮಗು ಸ್ವಲ್ಪ ಸಣ್ಣದು. ಅಷ್ಟು ದೂರ ಗಾಡಿಯಲ್ಲಿ ಕರೆದುಕೊಂಡು ಹೋಗಬೇಡಿ, ಕೆಮ್ಮು ಇದ್ದವರು ಹತ್ತಿರ ಬರಬಾರದು ಅಂತ ಡಾಕ್ಟರು ಹೇಳಿದ್ದಾರೆ. ಕುಷಾಯಿಗೂಡಕ್ಕೆ ಬರುವುದು ಆಗುವುದಿಲ್ಲ ಅಂದಾಗ ಗಂಗಾ ಗೋಡೆ ಕಡೆ ತಿರುಗಿ ಮಲಗಿದಳು.

ಮಾವ, ತವರು ಇಲ್ಲಿಗೇ ಬರಬಹುದಲ್ಲ? ಅತ್ತೆಯವರ ಸೂಜಿಗೆ ಎರಡು ವಾರ ಆಗಿ ಹೋಗಿದೆ, ಅವರು ಸೀದಾ ಒಳಗೆ ಬರಬಹುದು. ನಿಮ್ಮದು ಆಗುವ ತನಕ ಇರಲಿಕ್ಕೆ ಟೆರೇಸಿನ ಮೇಲಿನ ರೂಮು ಮಾಲೀಕರನ್ನು ಕೇಳಿ ತೆಗೆದುಕೊಂಡಿದ್ದೇನೆ. ಅಡುಗೆಮನೆಯಲ್ಲಿ ಈಗ ಮೀನಿಲ್ಲ. ಯಾರೂ ಹೇಳಿದ್ದಲ್ಲ, ನಾನೇ ನಿಲ್ಲಿಸಿದ್ದು.

ಬನ್ನಿ ಮಾವ. ಇದನ್ನು ಹೇಳಲಿಕ್ಕೆ ಇಷ್ಟು ದಿನ ಯಾಕೆ ತೆಗೆದುಕೊಂಡೆನೋ ನನಗೇ ಗೊತ್ತಿಲ್ಲ.

ಇಂತಿ,
ಸತೀಶ


ಮೆಹದಿಪಟ್ಟಣಂ, ಟೆರೇಸ್ ಖೋಲಿ
26 ಅಕ್ಟೋಬರ್ 2025

ಗಂಗಾಗ,

ಈ ಪತ್ರಕ್ಕ ಸ್ಟಾಂಪ್ ಇಲ್ಲ. ಪೋಸ್ಟ್‌ಮನ್ ನಿನ್ನ ಗಂಡ.

ನೀ ಕೆಳಗ, ನಾ ಮ್ಯಾಲ, ನಡುವ ಒಂದು ಸ್ಲ್ಯಾಬು. ಕೂಸು ಅತ್ತದ್ದು ಕೇಳ್ತೈತಿ. ಬೆಕ್ಕಿನ ಮರಿ ಹಂಗ ಅಳ್ತಾಳ. ನಿಮ್ಮತ್ತಿ 'ಆತಾತು ನನ್ನವ್ವಾ' ಅನ್ನೋದು ಅದಕ್ಕಿಂತ ಜೋರಾಗಿ ಕೇಳ್ತೈತಿ. ನಿನ್ನೆ ಮೆಟ್ಟಿಲು ಇಳಿದು ನಿಮ್ಮ ಬಾಗಿಲ ತನಕ ಬಂದಿದ್ದೆ. ಬರೇ ಸಂದಿಯಾಗಿಂದ ನೋಡೋಣಂತ. ಅಕ್ಕ ಬಾಗಿಲ ಅಡ್ಡ ನಿಂತು, 'ನಿಂದು ಇನ್ನಾ ಹಸಿ ಐತಿ. ಮಾಗಲಿ. ಮ್ಯಾಲ ನಡಿ' ಅಂದಳು. ಮಾವಿನಕಾಯಿಗೆ ಹೇಳಿದಂಗ! ಬರಂಗಿಲ್ಲ ಅಂತ ಲಿಂಗಸುಗೂರಿನಾಗ ಫೋನ್ ಇಟ್ಟಾಕಿ ಈಕಿಯೇ ಏನು? ಬಾಜೂ ಮನಿಯಾಕಿ ಕೂಸು ನೋಡಾಕ ಬಂದ್ರ ಆಕಿಗೂ ಬಾಗಿಲಾಗೇ, 'ಕೆಮ್ಮು ಐತೇನು? ಸೂಜಿ ಆಗೈತೇನು?' ಅಂತ ಜಬರ್ದಸ್ತಿನಿಂದ ಕೇಳಿದಳಂತ.

ನನಗ ಸಿಟ್ಟಿಲ್ಲ. ಒಂದೇ ಬಾಟ್ಲಿ ಇದ್ದಾಗ ಆಕಿಗೆ ಕೊಡಿಸಿದೆನಲ್ಲ, ಅದು ನಾ ಜಲ್ಮದಾಗ ಮಾಡಿದ ಶಾಣ್ಯಾ ಕೆಲಸ. ಇಲ್ಲಂದ್ರ ಇವತ್ತು ಆಕಿ ಮ್ಯಾಲ ಕೂತು, ನಿನಗ ಎರೆಯಾಕ ಯಾರೂ ಇರತಿರಲಿಲ್ಲ.

ಸತೀಶ ಊಟ ತರ್ತಾರ. ನಿಮ್ಮತ್ತಿ ಕಡೆ ರೊಟ್ಟಿ ಬಡಿಯೋದು ಕಲಿಯಾಕತ್ತಾರಂತ. ಇವತ್ತಿನ ರೊಟ್ಟಿ ಕರ್ನಾಟಕದ ನಕಾಶದಂಗ ಇತ್ತು, ಕರಾವಳಿ ಕಡೆ ಸೊಲ್ಪ ಹೊತ್ತಿತ್ತು. ಪೂರ್ತಿ ತಿಂದೆ, ಹಂಗಂತ ಹೇಳು. ನಾನು ತಂದ ಉಂಡಿ ಅವರು ಒಂದು ಕಡಿದರು. 'ಮಾವ, ಇದಕ್ಕೆ ಸುತ್ತಿಗೆ ಉಂಟಾ?' ಅಂದರು. ನಮ್ಮಿಬ್ಬರದೂ ಸರಿ ಸರಿ ಆತು.

ಇನ್ನೊಂದು ಮಾತು. ಅವರ ಊಟ ಅವರು ಬಿಡೋದು ಬ್ಯಾಡ. ವಾಸನಿ ಮ್ಯಾಲಿನ ತನಕ ಬಂದ್ರ ನಾನು ಕಿಟಕಿ ಹಾಕ್ಕೋತೀನಿ. ಹಾಕ್ಕೊಳ್ಳದಿದ್ರೂ ಸಾಯಂಗಿಲ್ಲ.

ಮಾಗಾಕತ್ತಿರುವ,
ನಿಮ್ಮಪ್ಪ


ಮೆಹದಿಪಟ್ಟಣಂ, ಕೆಳಗಿನ ಮನೆ
28 ಅಕ್ಟೋಬರ್ 2025

ಅಪ್ಪಾ,

ಅತ್ತಿ ನನಗೆ ಹೆಚ್ಚು ಬರೆಯಗೊಡೋದಿಲ್ಲ, ಬಾಣಂತಿ ಕಣ್ಣಿಗೆ ಆಯಾಸ ಅಂತ. ಕದ್ದು ಬರೀತೀನಿ.

ಕೂಸಿನ ಕಿವಿ ನಿಮ್ಮವು. ಅತ್ತಿಗೆ ಮೊದಲೇ ಗೊತ್ತಾಯ್ತು, 'ಅಮರನ ಕಿವಿ' ಅಂತ ನಕ್ಕರು. ಮಲಗಿದಾಗ ಬಲಗೈ ಮುಷ್ಟಿ ಮಾಡಿ ಗಲ್ಲದ ಕೆಳಗೆ ಇಟ್ಟುಕೊಳ್ತಾಳೆ, ಏನೋ ಯೋಚನೆ ಮಾಡೋರ ಹಾಗೆ. ಉಸಿರು ಎಷ್ಟು ಸಣ್ಣದು ಅಂದರೆ ನಾನು ಆಗಾಗ ಬಗ್ಗಿ ಕೇಳ್ತೀನಿ.

ಅವ್ವ ಈ ಮನೆಗೆ ಬರ್ತಿದ್ದಾಗ ನೀವು ಆಕೆಯನ್ನ ಕರಕೊಂಡು ಬಂದು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಪೇಪರ್ ಓದ್ತಿದ್ದಿರಿ. ನಮ್ಮ ಬಾಲ್ಕನಿಯಿಂದ ಆ ಬೆಂಚು ಕಾಣ್ತದೆ. ಅವ್ವ ಇಲ್ಲಿ ನಿಂತು ನೋಡ್ತಿದ್ದಳು. ಸತೀಶ ಚಹಾ ಇಟ್ಟರೆ, 'ಇನ್ನೊಂದು ಕಪ್ ನೀರು ಹಾಕ್ರಿ, ಬಂದರೂ ಬರಬಹುದು' ಅಂತಿದ್ದಳು. ಇದನ್ನ ನಾನು ಬೇಜಾರಿನಿಂದ ಬರೀತಾ ಇಲ್ಲ ಅಪ್ಪಾ. ಈಗ ಸ್ಲ್ಯಾಬಿನ ಮೇಲೆ ನೀವು ನಡೆದಾಡೋ ಚಪ್ಪಲಿ ಸಪ್ಪಳ ಕೇಳ್ತದೆ. ಅದನ್ನ ಕೇಳಿಕೊಂಡೇ ನಾನೂ ಕೂಸೂ ಮಲಗ್ತೀವಿ. ಅದಕ್ಕೆ ಬರೆದೆ.

ಕೆಮ್ಮು ಹೇಗಿದೆ? ನಿಜ ಬರೀರಿ.

ನಿಮ್ಮ,
ಗಂಗಾ


ಮೆಹದಿಪಟ್ಟಣಂ, ಮೆಟ್ಟಿಲ ಮ್ಯಾಲ
30 ಅಕ್ಟೋಬರ್ 2025

ಗಂಗಾಗ,

ಕೆಮ್ಮಿಲ್ಲ. ನಿನ್ನೆ ಇಲ್ಲ, ಮೊನ್ನೆನೂ ಇಲ್ಲ. ಖರೇನ ಬರೆದೀನಿ. ಕೆಮ್ಮಬೇಕಂದ್ರೂ ಬರಾಕತ್ತಿಲ್ಲ.

ಮುಂಜಾನೆ ಎದ್ದು ಗಡ್ಡ ತೆಗೆದೆ. ಒಗೆದ ಅಂಗಿ ಹಾಕ್ಕೊಂಡೆ. ಕೈ ಸಾಬೂನಿನಿಂದ ಎಷ್ಟು ತೊಳೆದೆ ಅಂದ್ರ ನವೆಂಬರ್ ನಾಯಿ ನರ್ಸಮ್ಮ ನೋಡಿದ್ರ ಶಬ್ಬಾಸ್ ಅಂತಿದ್ದಳು. ಕೆಳಗಿನಿಂದ ಅಕ್ಕ ಮೆಟ್ಟಿಲಿಗೆ ಬಾಯಿ ಹಚ್ಚಿ, 'ಮಾಗೇತಿ, ಇಳಿ!' ಅಂತ ಕೂಗಿದಳು. ಮಾಲೀಕರು ಏನು ಅಂತ ಹೊರಗ ಬಂದು ನೋಡಿದರು.

ಇಳಿಯಾಕ ಶುರು ಮಾಡಿ ನಡುವ ಕೂತೀನಿ. ಯಾಕ ಅಂತ ಗೊತ್ತಿಲ್ಲ. ಮೊಣಕಾಲಿನ ಮ್ಯಾಲ ಕಾಗದ ಇಟ್ಟು ಬರೆಯಾಕತ್ತೀನಿ, ಅಕ್ಷರ ಡೊಂಕಾದ್ರ ಹೊಟ್ಟಿಗೆ ಹಾಕ್ಕೋ. ನಿಮ್ಮವ್ವನ ಕಪ್ಪಿನ ಮಾತು ಓದಿದೆ. ಅದಕ್ಕ ಉತ್ತರ ಬರೆಯಾಕ ಇಂಗ್ಲಿಷೂ ಸಾಲಲಿಲ್ಲ, ಕನ್ನಡವೂ ಸಾಲಲಿಲ್ಲ. ಸತೀಶ ಇಲ್ಲೇ ಎರಡು ಮೆಟ್ಟಿಲು ಕೆಳಗ ಕೈ ಚಾಚಿ ನಿಂತಾರ. 'ಕೊಡಿ ಮಾವ, ಪತ್ರ ನಾನು ಕೊಡ್ತೇನೆ' ಅನ್ನಾಕತ್ತಾರ. ಕೊಡಂಗಿಲ್ಲ ಅಂತ ಹೇಳೀನಿ. ಇದನ್ನ ನಾನೇ ತರ್ತೀನಿ.

ಕೂಸು ಮಲಗಿದ್ರ ಎಬ್ಬಿಸಬ್ಯಾಡ, ನಾ ಕಾಯ್ತೀನಿ. ಎದ್ದಿದ್ರ ನನ್ನ ಕೈಯಾಗ ಕೊಡು.

ಬಾಗಿಲು ಬಡಿಯಾಕತ್ತೀನಿ,
ನಿಮ್ಮಪ್ಪ